ಸಮಾನತೆಗೆ ಎಷ್ಟು ಚಮಚ ಸಕ್ಕರೆ?

ಬೆಳಿಗ್ಗೆ ಕಾರ್ಖಾನೆಯ ಬಾಗಿಲಲ್ಲೇ ಮ್ಯಾನೇಜರ್ ಅವಳ ಕೈಗೆ ಟೀಪುಡಿಯ ಪೊಟ್ಟಣ ಕೊಟ್ಟಿದ್ದೇ ಎಲ್ಲಕ್ಕೂ ಮೂಲ.

“ಇವತ್ತು ತರಬೇತಿ ಇದೆ ಮೇಡಂ. ಕೆಲಸದ ಜಾಗದಲ್ಲಿ ಹೆಣ್ಣು ಗಂಡು ಅಂತ ಭೇದ ಮಾಡದೆ ನಡ್ಕೊಳ್ಳೋದು ಹೇಗೆ ಅಂತ. ಹೊರಗಿಂದ ದೊಡ್ಡೋರು ಬರ್ತಿದ್ದಾರೆ. ಟೀ, ಬಿಸ್ಕತ್ತು, ಕುರ್ಚಿ, ಸ್ವಾಗತ ಎಲ್ಲಾ ನೀವೇ ನೋಡ್ಕೊಳ್ಳಿ.”

“ನಾನೇ ಯಾಕೆ ಸಾರ್?”

“ಹೆಂಗಸರ ಕೈಯಲ್ಲಿ ಆದ್ರೆ ಒಂದು ಲಕ್ಷಣ ಇರುತ್ತೆ ನೋಡಿ.”

ಅವಳು ಆ ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಯಂತ್ರ ವಿಭಾಗದ ಇಂಜಿನಿಯರ್. ಹಿಂದೆ ಆ ಜಾಗದಲ್ಲಿದ್ದ ಗಂಡಸನ್ನು ಎಲ್ಲರೂ ‘ಸಾಹೇಬ್ರು’ ಅನ್ನುತ್ತಿದ್ದರು. ಇವಳು ಬಂದ ಮೇಲೆ ಅದು ‘ಅಮ್ಮ’ ಆಯಿತು. ಸಾಹೇಬ್ರು ಕರೆದರೆ ಮೆಕ್ಯಾನಿಕ್‌ಗಳು ಓಡಿ ಬರುತ್ತಿದ್ದರು. ಅಮ್ಮ ಕರೆದರೆ ‘ಬಂದೆ, ಬಂದೆ’ ಅನ್ನುತ್ತ ಕೂತಲ್ಲೇ ಕೂತಿರುತ್ತಿದ್ದರು, ಥೇಟ್ ಮನೆಯಲ್ಲಿ ಮಾಡುವ ಹಾಗೆ.

ಹಲ್ಲು ಕಚ್ಚಿಕೊಂಡು ಕುರ್ಚಿ ಜೋಡಿಸಿದಳು, ಟೀ ಕಾಯಿಸಿದಳು. ಸ್ಟೋರ್ ಕೀಪರ್ ಬಂದು, “ಅಮ್ಮ, ಸ್ವಲ್ಪ ನಗ್ತಾ ಇರಿ. ಅವರು ಬರೋ ಹೊತ್ತಾಯ್ತು,” ಎಂದು ಸಲಹೆ ಕೊಟ್ಟು, ಕೈಗೆ ಸಿಕ್ಕಷ್ಟು ಬಿಸ್ಕತ್ತು ಎತ್ತಿಕೊಂಡು ಹೋದ. ಒಲೆಯ ಮೇಲಿನ ಪಾತ್ರೆಗಿಂತ ಅವಳೇ ಹೆಚ್ಚು ಕುದಿಯುತ್ತಿದ್ದಳು.

ತರಬೇತುದಾರ ಬಂದ. ಇಸ್ತ್ರಿ ಮಾಡಿದ್ದು ಬಟ್ಟೆಗೋ ಮನುಷ್ಯನಿಗೋ ಎಂದು ಅನುಮಾನ ಬರುವಂಥ ಆಸಾಮಿ. ಅವಳು ಕೈಕುಲುಕಲು ಕೈ ಚಾಚಿದಳು. ಅವನು ತನ್ನ ಕೋಟು ಬಿಚ್ಚಿ ಆ ಕೈಯ ಮೇಲೆ ಹಾಕಿದ. ಹಿಂದೆ ನಿಂತಿದ್ದ ಸ್ಟೋರ್ ಕೀಪರನ ಕೈ ಕುಲುಕಿ, “ಇಂಜಿನಿಯರ್ ನೀವೇ ಅಲ್ವಾ?” ಎಂದ. ಸ್ಟೋರ್ ಕೀಪರ್ ಅಲ್ಲ ಅನ್ನಲಿಲ್ಲ.

ಭಾಷಣ ಅರ್ಧಕ್ಕೆ ಬಂದಾಗ ಅಂಟು ಹಚ್ಚುವ ಯಂತ್ರ ನಿಂತುಹೋಯಿತು. ಸಭೆಯ ಮೂಲೆಯಲ್ಲಿ ಬಡಿದುಕೊಂಡ ಫೋನನ್ನು ಅವಳೇ ಎತ್ತಿದಳು. ಆ ಕಡೆ ಹೊಸ ಆಪರೇಟರ್. “ಗಂಡಸರು ಯಾರಾದ್ರೂ ಇದ್ರೆ ಫೋನ್ ಕೊಡಿ ಮೇಡಂ, ಮಷಿನ್ ವಿಷಯ.”

ಫೋನ್ ಕುಕ್ಕಿ ನಡೆದಳು. ರೋಲರ್ ನಡುವೆ ಸಿಕ್ಕಿಕೊಂಡಿದ್ದ ರಟ್ಟು ಕಿತ್ತು, ಬೆಲ್ಟ್ ಬಿಗಿದು, ಯಂತ್ರ ಓಡಿಸಿ, ಮೊಣಕೈವರೆಗೆ ಅಂಟು ಮೆತ್ತಿಕೊಂಡು ವಾಪಸು ಬಂದಾಗ ತರಬೇತುದಾರ ಇನ್ನೂ ಹೇಳುತ್ತಿದ್ದ: “ಹೆಂಗಸರು ಅನ್ನೋ ಒಂದೇ ಕಾರಣಕ್ಕೆ ಯಾರಿಗೂ ಬೇರೆ ಕೆಲಸ ಹಚ್ಚಬಾರದು.” ಅವಳನ್ನು ಕಂಡವನೇ ಖಾಲಿ ಕಪ್ ಎತ್ತಿ ಹಿಡಿದ. “ಇನ್ನೊಂದು ಸ್ವಲ್ಪ. ಸಕ್ಕರೆ ಕಮ್ಮಿ ಹಾಕಮ್ಮ.”

ಅಷ್ಟೇ. ಮೇಜಿನ ಮೇಲಿದ್ದ ಟ್ರೇ ಕಪ್ಪುಗಳ ಸಮೇತ ಹಾರಿ ಗೋಡೆಗೆ ಬಡಿಯಿತು.

“ಹಾಕಮ್ಮನಾ? ನಿಮಗೆ ನಾನು ಯಾವಾಗ ಅಮ್ಮ ಆದೆ? ನೀವು ಕೂತ್ಕೊಂಡು ಸಮಾನತೆ ಮಾತಾಡೋಕೆ ಕುರ್ಚಿ ಹಾಕಿದ್ದು ನಾನು! ನಿಮ್ಮ ಕೋಟು ಹೊತ್ತಿದ್ದು ನಾನು! ಅಲ್ಲಿ ಮಷಿನ್ ಓಡ್ತಿದೆಯಲ್ಲ, ಅದೂ ನನ್ನಿಂದ! ವರ್ಷಗಟ್ಟಲೆ ಇಲ್ಲಿ ಬೋಲ್ಟು ಬಿಗಿದಿದ್ದೀನಿ, ನಾನು ಇಂಜಿನಿಯರ್ ಅಂತ ಒಬ್ಬರ ಬಾಯಲ್ಲಾದ್ರೂ ಬಂತಾ? ಮ್ಯಾನೇಜರ್ ಸಾಹೇಬ್ರೇ, ಇನ್ಮೇಲೆ ನಿಮ್ಮ ಟೀ ನೀವೇ ಕಾಯಿಸ್ಕೊಳ್ಳಿ, ಕಪ್ಪೂ ನೀವೇ ತೊಳ್ಕೊಳ್ಳಿ!”

ಗೋಡೆಯಿಂದ ಟೀ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಕೆಲಸ ಹೋಯಿತು ಅಂದುಕೊಂಡಳು. ಹೋದರೆ ಹೋಗಲಿ, ಎದೆಯಂತೂ ಹಗುರಾಗಿತ್ತು.

ತರಬೇತುದಾರ ಮೆಲ್ಲನೆ ಎದ್ದು ನಿಂತ. ಕಣ್ಣೊರೆಸಿಕೊಂಡ.

“ಅದ್ಭುತ! ಇಂಥಾ ಕಿರುನಾಟಕ ಇಟ್ಕೊಂಡಿದ್ದೀರಿ ಅಂತ ಮೊದಲೇ ಹೇಳಬಾರದಾ ಸಾರ್? ಏನು ನಟನೆ! ನಿಜ ಕಾಣಲಿ ಅಂತ ಕೈಗೆ ಅಂಟು ಬೇರೆ ಬಳ್ಕೊಂಡಿದ್ದಾರೆ!”

ಮ್ಯಾನೇಜರ್ ಒಂದು ಕ್ಷಣ ತಬ್ಬಿಬ್ಬಾದ. ಮರುಕ್ಷಣ ಅವನ ಮುಖ ಅರಳಿತು. “ಏನೋ, ನಮ್ಮದೇ ಒಂದು ಚಿಕ್ಕ ಪ್ರಯತ್ನ,” ಎಂದ ನಾಚಿಕೊಂಡು.

ಚಪ್ಪಾಳೆ ಶುರುವಾಯಿತು.

“ಇದು ನಾಟಕ ಅಲ್ಲ!” ಅವಳು ಗಂಟಲು ಹರಿಯುವಂತೆ ಕಿರುಚಿದಳು.

ಚಪ್ಪಾಳೆ ಇಮ್ಮಡಿಯಾಯಿತು. “ಆಹಾ, ಈ ಮಾತಲ್ಲೇ ಮುಗಿಸಿ ಮೇಡಂ, ಚೆನ್ನಾಗಿದೆ,” ಎಂದ ತರಬೇತುದಾರ. “ನಮ್ಮ ಎಲ್ಲಾ ತರಬೇತಿಗೂ ಇವರು ಬರಲೇಬೇಕು.”

“ಬರ್ತಾರೆ ಸಾರ್,” ಎಂದು ಅವಳ ಪರವಾಗಿ ಮ್ಯಾನೇಜರೇ ಒಪ್ಪಿಕೊಂಡ. ಆಮೇಲೆ ಅವಳ ಕಡೆ ಬಾಗಿ, ದನಿ ತಗ್ಗಿಸಿ ಹೇಳಿದ: “ಮುಂದಿನ ಸಲ ಸ್ವಲ್ಪ ನೋಡ್ಕೊಂಡು ಎಸೀರಿ ಮೇಡಂ. ಗೋಡೆ ಒರೆಸೋಕೆ ನಿಮಗೇ ಕಷ್ಟ ಆಗುತ್ತೆ.”