ಡೈರಿಗೆ ಹೊರಟ ರೋಬೋಟು

ಬೆಳಗೊಳದ ಕಾರ್ಖಾನೆಯೊಂದರಲ್ಲಿ ಕಬ್ಬಿಣದೊಳಗಿನ ಬಿರುಕು ಪತ್ತೆ ಮಾಡುವುದು ನನ್ನ ಕೆಲಸ. ಕರೆಂಟು ಹರಿಯುವ ಸುರುಳಿಯ ಸೆನ್ಸರನ್ನು ಮೇಲೆ ಆಡಿಸಿದರೆ ಸಾಕು, ಕೂದಲೆಳೆಯಷ್ಟು ಸೀಳೂ ಸಿಕ್ಕಿಬೀಳುತ್ತದೆ. ಇಂಥ ಘನವಿದ್ವಾಂಸನಿಗೆ ಹೆಂಡತಿಯ ಮಂಡಿನೋವು ಒಂದು ಸಮಸ್ಯೆಯೇ?

ತೊಣ್ಣೂರಿನ ಪಕ್ಕದ ನಮ್ಮೂರಲ್ಲಿ ಹಾಲಿನ ಡೈರಿ ಇರುವುದು ನಮ್ಮ ಗದ್ದೆಯ ಆಚೆಗೆ. ಜಯಮ್ಮ ದಿನಾ ಕ್ಯಾನು ಹೊತ್ತು ಕುಂಟುತ್ತಿದ್ದಳು. ನಾನೊಂದು ಗಾಡಿ ಮಾಡಿದೆ. ಕೊಟ್ಟಿಗೆಯಿಂದ ಡೈರಿವರೆಗೆ ನೆಲದಡಿ ತಂತಿ ಹೂತು, ಸ್ವಲ್ಪ ಕರೆಂಟು ಬಿಡುವುದು. ಗಾಡಿಯ ಹೊಟ್ಟೆಯಡಿಯ ಸೆನ್ಸರು ಆ ತಂತಿಯ ಜಾಡು ಹಿಡಿದು ಹೋಗುವುದು!

"ಕ್ಯಾನಿನ ಮುಚ್ಚಳ ಎಲ್ರೀ?" ಅಂದಳು ಜಯಮ್ಮ.

"ಹಾಲು ತುಳುಕುತ್ತೋ ಇಲ್ವೋ ನೋಡ್ಬೇಕಲ್ಲ, ಬುಡು."

"ನಮ್ಮನೆ ಹಾಲು ಅಂದ್ರೆ ಡೈರೀಲಿ ನೀರು ಬೆರ್ತದಾ ಅಂತ ಲ್ಯಾಕ್ಟೋಮೀಟರೂ ಬುಡ್ದೆ ಸುರ್ಕೊತಾರೆ. ಆ ಮರ್ಯಾದೆ ಕಳುದ್ರೆ ನೋಡಿ ಮತ್ತೆ!"

ಗಾಡಿ ಮದುವಣಗಿತ್ತಿಯ ಹಾಗೆ ಮೆಲ್ಲಗೆ ಹೊರಟಿತು. ಡೈರಿ ಮುಂದೆ ಸಾಲು ನಿಂತವರು ಬಾಯಿ ಬಿಟ್ಟರು. ನಾನು ಮೀಸೆ ತಿರುವಿದೆ.

ಅಷ್ಟರಲ್ಲಿ ತ್ರೀ ಫೇಸ್ ಕರೆಂಟು ಬಂತು. ಆಟೋ ಸ್ಟಾರ್ಟರಿನ ದಯೆಯಿಂದ ಗದ್ದೆಯ ಪಂಪ್‌ಸೆಟ್ಟು ತಾನಾಗೇ ಶುರುವಾಯಿತು. ಗಾಡಿ ಗಕ್ಕನೆ ನಿಂತು, ಎಡಕ್ಕೆ ತಿರುಗಿ, ಬದುವಿನ ಮೇಲೆ ನಡೆಯಿತು!

"ಹಿಡ್ಕಳ್ರೀ!" ಜಯಮ್ಮ ಕಿರುಚಿದಳು.

ಹಿಡಿಯಬಹುದಿತ್ತು. ಆದರೆ ಹಾಳು ಕುತೂಹಲ! "ಇರೇ, ಎಲ್ಲಿಗೆ ಹೋಯ್ತದೆ ನೋಡಾಣ!"

ಅರ್ಧ ದಾರಿಯಲ್ಲಿ ಹೊಳೆಯಿತು. ಕಳ್ಳರ ಕಾಟಕ್ಕೆ ಪಂಪಿನ ಕೇಬಲ್ಲನ್ನು ನಾನೇ ಆ ಬದುವಿನಲ್ಲಿ ಹೂತಿದ್ದೆ. ನನ್ನ ಬಡಪಾಯಿ ತಂತಿ ಬಿಟ್ಟು ಸೆನ್ಸರು ದೊಡ್ಡ ಕರೆಂಟಿನ ಬೆನ್ನು ಹತ್ತಿತ್ತು. "ಗೊತ್ತಾಯ್ತು!" ಎಂದು ನಾನು ಕುಣಿಯುವಷ್ಟರಲ್ಲಿ ಗಾಡಿ ಪಂಪಿನ ಪೈಪಿನಡಿ ಹೋಗಿ ನಿಂತಿತ್ತು. ದಬದಬನೆ ನೀರು, ನೇರ ಕ್ಯಾನಿನೊಳಕ್ಕೆ!

ಸಾಲು ಪೂರಾ ಓಡಿಬಂತು. ಡೈರಿ ಸೆಕ್ರೆಟ್ರಿ ನಿಂಗೇಗೌಡ ಕ್ಯಾನಿಗೆ ಇಣುಕಿದ. "ಅಲ್ಲ ಕಣ್ಲಾ ಸಿವಣ್ಣ, ಹಾಲಿಗೆ ನೀರ ಎಲ್ರೂ ಕದ್ದುಮುಚ್ಚಿ ಬೆರುಸ್ತಾರೆ. ನೀನು ಅದಕ್ಕೂ ರೋಬೋಟ್ ಮಾಡ್ಬುಟ್ಯಲ್ಲಾ!"

ಎಲ್ಲರೂ ನಕ್ಕರು. ಜಯಮ್ಮ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಈಗ ಕ್ಯಾನು ಹೊರುವುದು ನಾನೇ. ನಿಂಗೇಗೌಡ ದಿನಾ ನಮ್ಮ ಹಾಲಿಗೆ, ನೀರು ಬೆರೆತಿದ್ದರೆ ಮುಳುಗುವ ಲ್ಯಾಕ್ಟೋಮೀಟರು ಬಿಟ್ಟು, ಅದನ್ನೊಮ್ಮೆ ನನ್ನನ್ನೊಮ್ಮೆ ನೋಡುತ್ತಾನೆ. ಕಬ್ಬಿಣದ ಬಿರುಕು ಹಿಡಿಯುವ ನಾನು ಆ ಗಾಜಿನ ಕಡ್ಡಿಯ ಮುಂದೆ ಕೈಕಟ್ಟಿ ನಿಲ್ಲುತ್ತೇನೆ.

"ತೇಲ್ತಾ?" ಎಂದಳು ಜಯಮ್ಮ ಇವತ್ತು, ನಾನು ಮನೆಗೆ ಬಂದು ಖಾಲಿ ಕ್ಯಾನು ಇಳಿಸುತ್ತಿದ್ದಂತೆ.

"ತೇಲ್ತು ಕಣೆ!" ಎಂದೆ, ಎದೆಯುಬ್ಬಿಸಿ.

"ಸದ್ಯ. ಮುಚ್ಚಳ ಎಲ್ರೀ?"

ಅಲ್ಲೇ ಮರೆತು ಬಂದಿದ್ದೆ. ತಿರುಗಿ ಡೈರಿ ಕಡೆ ಹೊರಟೆ. ತಂತಿ ಬೇಡ, ಸೆನ್ಸರು ಬೇಡ. ಅವಳ ಒಂದು ಮಾತಿಗೆ ನೆಟ್ಟಗೆ ನಡೆಯುವ ಗಾಡಿ ನಮ್ಮನೇಲಿ ಮೊದಲೇ ಇತ್ತು!