ಕುರ್ಚಿಯ ಮೇಲಿನ ಕೋಟು

ಎಲ್ಲದಕ್ಕೂ ಮೂಲ ಎರಡು ಮೊಳ ಕೆಂಪು ಬಟ್ಟೆ. ಶಾಲೆಯ ಕ್ರೀಡಾಕೂಟದಲ್ಲಿ ಐದನೇ ತರಗತಿಯ ಕೊಜುಎ ಹಣೆಗೆ ಕಟ್ಟಿಕೊಂಡು ಓಡಬೇಕಾದ ಪಟ್ಟಿ ಅದು. ಅದರ ಮೇಲೆ ಹೆಸರು ಹೊಲಿಯಲು ಅವಳ ತಾಯಿ ಚಿಜುರುಗೆ ವಾರವಿಡೀ ಪುರುಸೊತ್ತಾಗಲಿಲ್ಲ. ಶುಕ್ರವಾರ ಊಟದ ಬಿಡುವಿನಲ್ಲಿ ಕಚೇರಿಯಲ್ಲೇ ಕುಳಿತು ಹೊಲಿದಳು. ಹೊಲಿದು ಮೇಜಿನ ಖಾನೆಯಲ್ಲಿಟ್ಟಳು. ಇಟ್ಟು ಮರೆತು ಮನೆಗೆ ಬಂದಳು.

ಶನಿವಾರ ಬೆಳಿಗ್ಗೆ ವಿಷಯ ತಿಳಿದಾಗ ಕೊಜುಎ ಅಳಲಿಲ್ಲ. "ಆಚೆ ವರ್ಷ ನೀನು ಬರ್ಲಿಲ್ಲ. ಹೋದ ವರ್ಷಾನೂ ಬರ್ಲಿಲ್ಲ. ಈ ವರ್ಷ ಪಟ್ಟೀನೂ ಬರ್ಲಿಲ್ಲ" ಎಂದು ಪಾಠ ಒಪ್ಪಿಸುವವಳಂತೆ ಹೇಳಿದಳು. ಅತ್ತಿದ್ದರೆ ಚಿಜುರುಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

"ನಿನ್ನ ಓಟ ಹತ್ತೂವರೆಗೆ ತಾನೆ? ಕಚೇರೀಲಿ ಐದು ನಿಮಿಷದ ಕೆಲ್ಸ. ಪಟ್ಟಿ ತಂದು ಕೊಟ್ಟು, ಮೈದಾನದ ಹಗ್ಗದ ಪಕ್ಕದಲ್ಲೇ ನಿಂತು ನೋಡ್ತೀನಿ. ಈ ಸಲ ತಪ್ಪಲ್ಲ."

ಗಂಡ ಮೂರು ವರ್ಷದಿಂದ ಸಪ್ಪೊರೊಗೆ ವರ್ಗವಾಗಿ ಅಲ್ಲೇ ಇದ್ದ. ಮಗುವಿಗೆ ಚಪ್ಪಾಳೆ ತಟ್ಟಲು ಇದ್ದವಳು ಇವಳೊಬ್ಬಳೇ. ಕೊಜುಎಯನ್ನು ಪಕ್ಕದ ಮನೆಯ ಮಿತೋಮಾ ಅವರ ಜೊತೆ ಶಾಲೆಗೆ ಕಳಿಸಿ, ಅಭ್ಯಾಸಬಲದಿಂದ ಕಚೇರಿಯ ಕೋಟು ತೊಟ್ಟು, ಸೈಕಲ್ ಹತ್ತಿದಳು.

ಚಿಜುರು ಓಬಾತಾ ಕೆಲಸ ಮಾಡುವುದು ಗಿಫು ಪಟ್ಟಣದಲ್ಲಿ, ಬಚ್ಚಲುಮನೆಯ ಪ್ಲಾಸ್ಟಿಕ್ ಮಣೆ, ತಂಬಿಗೆ ತಯಾರಿಸುವ ಕಂಪನಿಯಲ್ಲಿ. ಶನಿವಾರದ ರಜೆ, ಮೂರನೇ ಮಹಡಿಯಲ್ಲಿ ಯಾರೂ ಇರಲಿಲ್ಲ. ಖಾನೆ ಎಳೆದು, ಪಟ್ಟಿಯನ್ನು ಕೋಟಿನ ಜೇಬಿಗೆ ಸೇರಿಸಿ ತಿರುಗಿದಳು. ಬಾಗಿಲಲ್ಲಿ ವಿಭಾಗದ ಮುಖ್ಯಸ್ಥರಾದ ಸೆಗಾವಾ ನಿಂತಿದ್ದರು.

ಇಬ್ಬರೂ ಹಾವು ಕಂಡವರಂತೆ ಬೆಚ್ಚಿದರು.

"ಓಹ್, ಶನಿವಾರಾನೂ ಬಂದಿದ್ದೀರಾ?" ಎಂದರು ಸೆಗಾವಾ.

ಪಟ್ಟಿಗಾಗಿ ಬಂದೆ ಎನ್ನುವುದಕ್ಕೆ ಅವಳು ಬಾಯಿ ತೆರೆದಳು. "ಸ್ವಲ್ಪ ಕೆಲಸ ಬಾಕಿ ಇತ್ತು ಸರ್" ಎಂದಿತು ಬಾಯಿ.

"ಹೌದೌದು. ನನಗೂ ಸ್ವಲ್ಪ ಬಾಕಿ ಇತ್ತು" ಎಂದು ಅವರು ತಮ್ಮ ಮೇಜಿಗೆ ಹೋಗಿ ಕುಳಿತುಬಿಟ್ಟರು.

ಮುಗಿಯಿತು. ಮುಖ್ಯಸ್ಥರು ಕುಳಿತಿರುವಾಗ ಕೈಕೆಳಗಿನವರು ಎದ್ದು ಹೋದ ಉದಾಹರಣೆ ಆ ಮಹಡಿಯಲ್ಲಿ ಇರಲಿಲ್ಲ. ಚಿಜುರು ಕುಳಿತಳು. ಕಂಪ್ಯೂಟರಿನಲ್ಲಿ ತಂಬಿಗೆಗಳ ಹಳೆಯ ಲೆಕ್ಕವೊಂದನ್ನು ತೆರೆದು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓದಿದಳು. ಗೋಡೆಯ ಗಡಿಯಾರ ಎಂಟೂಮುಕ್ಕಾಲು ತೋರಿಸುತ್ತಿತ್ತು.

ಒಂಬತ್ತಕ್ಕೆ ನುಕಾಗಾ ಬಂದರು. ನಿವೃತ್ತಿಗೆ ಎರಡು ವರ್ಷವಿದ್ದ, ಊರಿನವರ ಉಸಾಬರಿಯೆಲ್ಲ ತನ್ನದೇ ಎಂದುಕೊಂಡ ಮನುಷ್ಯ. ಮರೆತುಹೋದ ಛತ್ರಿಗೆಂದು ಬಂದದ್ದು ಸ್ಪಷ್ಟವಾಗಿತ್ತು, ಛತ್ರಿ ಆಗಲೇ ಕೈಗೆ ಬಂದಿತ್ತು. ಮುಖ್ಯಸ್ಥರನ್ನು ಕಂಡದ್ದೇ ಅದನ್ನು ಮೇಜಿಗೆ ನೇತುಹಾಕಿ, ಗಂಟಲು ಸರಿಪಡಿಸಿಕೊಂಡು ಕುಳಿತರು. ಹಿಂದೆಯೇ ಗಿಡಕ್ಕೆ ನೀರು ಹಾಕಲು ಬಂದ ಇವಾಸೆ ಎಂಬ ಹುಡುಗಿ, ನೀರಿನ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡೇ ಟೈಪು ಮಾಡತೊಡಗಿದಳು.

"ಓಬಾತಾ ಅವ್ರೆ, ಇವತ್ತು ನಿಮ್ಮ ಮಗಳ ಕ್ರೀಡಾಕೂಟ ಅಲ್ವಾ?" ಎಂದು ನುಕಾಗಾ ಇಡೀ ಮಹಡಿಗೆ ಕೇಳುವಂತೆ ಕೇಳಿದರು.

ದೇವರೇ ಈ ಮುದುಕನ ಬಾಯಲ್ಲಿ ಬಂದ ಎಂದುಕೊಂಡಳು ಚಿಜುರು. "ಹೌದು, ಹತ್ತೂವರೆಗೆ ಅವಳ ಓಟ..."

"ಅದನ್ನೂ ಬಿಟ್ಟು ಬಂದ್ರಲ್ಲ. ಸರ್, ಕೇಳಿಸ್ಕೊಂಡ್ರಾ? ಇಂಥ ನಿಷ್ಠೆ ಈಗಿನವ್ರಲ್ಲಿ ಎಲ್ಲಿದೆ?"

ಸೆಗಾವಾ ಅವಳಿಗೆ ತಲೆಬಾಗಿದರು. ಅವರ ಮುಖದಲ್ಲಿ ಮೆಚ್ಚುಗೆಗಿಂತ ಹೆಚ್ಚಾಗಿ ಯಾವುದೋ ನೋವಿತ್ತು. ನಿಟ್ಟುಸಿರಿಟ್ಟು ಇನ್ನೊಂದು ಕಡತ ತೆರೆದರು.

ಒಂಬತ್ತೂ ಇಪ್ಪತ್ತು. ಮಗಳು ಗೇಟಿನ ಕಡೆ ಕತ್ತು ಉದ್ದ ಮಾಡಿ ನೋಡುತ್ತಿರುವುದು ಚಿಜುರುವಿನ ಕಣ್ಣಿಗೆ ಕಟ್ಟಿತು. ಇಪ್ಪತ್ತು ವರ್ಷ ಇಲ್ಲಿ ಎಲ್ಲರಿಗೂ ಒಳ್ಳೆಯವಳಾಗಿದ್ದಾಳೆ. ಆ ಒಬ್ಬಳಿಗೆ ಮಾತ್ರ ಪ್ರತಿ ಸಲ ನಾಳೆ, ನಾಡಿದ್ದು.

ಆಗ ಹೊಳೆಯಿತು, ಕಚೇರಿಯ ಹಳೆಯ ಉಪಾಯ. ಕುರ್ಚಿಯ ಬೆನ್ನಿಗೆ ಕೋಟಿದ್ದರೆ ಆಳು ಇಲ್ಲೇ ಎಲ್ಲೋ ಇದ್ದಾನೆಂದು ಅರ್ಥ. ಮುಖ್ಯಸ್ಥರು ಎದ್ದು ಆಚೆ ಹೋದದ್ದೇ ತಡ, ಚಿಜುರು ಕೋಟು ಬಿಚ್ಚಿ ಕುರ್ಚಿಗೆ ತೊಡಿಸಿ, ಭುಜ ನೇರ ಮಾಡಿ, ಫೋನು ಮತ್ತು ಪುಟ್ಟ ಪರ್ಸು ಹಿಡಿದು, ಬೆಕ್ಕಿನಂತೆ ಹಿಂದಿನ ಮೆಟ್ಟಿಲಿಗೆ ಜಾರಿದಳು.

ಎರಡನೇ ಮಹಡಿಯ ತಿರುವಿನಲ್ಲಿ ಒಬ್ಬರು ಷೂಗಳನ್ನು ಕೈಯಲ್ಲಿ ಹಿಡಿದು ಕಾಲುಚೀಲದಲ್ಲಿ ಇಳಿಯುತ್ತಿದ್ದರು. ಮೈಮೇಲೆ ಕೋಟಿರಲಿಲ್ಲ.

"ಸರ್?"

ಸೆಗಾವಾ ಗೋಡೆಗೆ ಒರಗಿದರು. "ಯಾರಿಗೂ ಹೇಳ್ಬೇಡಿ ಓಬಾತಾ ಅವ್ರೆ. ಹೆಂಡತಿ ಜೊತೆ ಬಿಸಿನೀರಿನ ಬುಗ್ಗೆಗೆ ಹೊರಟಿದ್ದೆ. ರೈಲಿನ ಟಿಕೆಟ್ಟು ಇಲ್ಲೇ ಮರೆತಿದ್ದೆ ಅಂತ ಬಂದೆ. ನೋಡಿದ್ರೆ ನೀವು ಕೂತಿದ್ದೀರಿ. ಕೈಕೆಳಗಿನವ್ರು ದುಡೀತಿರುವಾಗ ನಾನು ಹೇಗೆ ಹೋಗ್ಲಿ?"

"ನಾನು ಮಗಳ ಹಣೆಪಟ್ಟಿಗೆ ಬಂದಿದ್ದೆ ಸರ್. ನೀವು ಕೂತ್ರಿ ಅಂತ ಕೂತೆ."

ಇಬ್ಬರೂ ಒಬ್ಬರಿಗೊಬ್ಬರು ಬಹಳ ಹೊತ್ತು ತಲೆಬಾಗಿದರು. ಆಮೇಲೆ ಸೆಗಾವಾ ಸ್ಟೇಷನ್ನಿನ ಕಡೆಗೂ, ಚಿಜುರು ಶಾಲೆಯ ಕಡೆಗೂ ಹಾರಿದರು. ಸೈಕಲ್ಲಿಗೆ ರೆಕ್ಕೆ ಬಂದಂತಿತ್ತು. ಗೇಟಿಗೆ ಬಂದಾಗ ಒಂಬತ್ತೂ ಐವತ್ತು. ಡೋಲಿನ ಸದ್ದು, ಬಿಳಿ ಕೆಂಪು ಬಾವುಟ. ನಗುತ್ತಲೇ ಅವಳು ಜೇಬಿಗೆ ಕೈ ಹಾಕಿದಳು. ಕೈ ಗಾಳಿಗೆ ಹೋಯಿತು. ಜೇಬು ಕೋಟಿನಲ್ಲಿತ್ತು. ಕೋಟು ಕುರ್ಚಿಯಲ್ಲಿತ್ತು.

ಮತ್ತೆ ಕಚೇರಿ ತಲುಪುವ ಹೊತ್ತಿಗೆ ಹತ್ತೂ ಐದಾಗಿತ್ತು. ಮೆಟ್ಟಿಲ ಬುಡದಲ್ಲಿ ಏದುಸಿರು ಬಿಡುತ್ತ ಸೆಗಾವಾ ನಿಂತಿದ್ದರು. "ಟಿಕೆಟ್ಟು ಕೋಟಲ್ಲೇ ಇದೆ" ಎಂದಷ್ಟೇ ಹೇಳಿದರು. ಇಬ್ಬರೂ ಒಟ್ಟಿಗೆ ಮೇಲೆ ಹತ್ತಿದರು.

ನುಕಾಗಾ, ಇವಾಸೆ ಎದ್ದು ನಿಂತರು. "ಮೀಟಿಂಗ್ ಮುಗೀತಾ ಸರ್?" ಎಂದರು ನುಕಾಗಾ, ಸಂಭ್ರಮದಿಂದ. "ಕೋಟು ಎರಡೂ ಇಲ್ಲೇ ಇದ್ವು, ಕೆಳಗೆ ಏನೋ ದೊಡ್ಡ ವಿಚಾರ ನಡೀತಿದೆ ಅಂತ ನಮಗೆ ಗೊತ್ತಾಯ್ತು. ಬಾಕಿಯವ್ರಿಗೆಲ್ಲ ಫೋನ್ ಮಾಡಿದ್ದೀನಿ. ಎಂಟು ಜನ ದಾರೀಲಿದ್ದಾರೆ. ಊಟದ ಡಬ್ಬಿ ಹನ್ನೆರಡು ಹೇಳಿದ್ದೀನಿ."

ಸೆಗಾವಾ ಕಿಟಕಿಯಿಂದ ಸ್ಟೇಷನ್ನಿನ ಕಡೆ ಒಮ್ಮೆ ನೋಡಿದರು. ಆಮೇಲೆ ಕುಳಿತರು. ಈಗ ಹೊರಡಬೇಕು, ಕೋಟು ಎತ್ತಿಕೊಂಡು ಓಡಬೇಕು ಎಂದು ಚಿಜುರು ತನಗೆ ತಾನೇ ಹೇಳಿಕೊಂಡಳು. ಆದರೆ ಇಪ್ಪತ್ತು ವರ್ಷದ ಅಭ್ಯಾಸ ಮೊಣಕಾಲಿನಲ್ಲಿತ್ತು. ಅದು ತಾನಾಗಿ ಮಡಚಿ ಅವಳನ್ನು ಕುರ್ಚಿಗೆ ಇಳಿಸಿತು.

ಹತ್ತೂ ಮುಕ್ಕಾಲಿಗೆ ಮೇಜಿನ ಕೆಳಗೆ ಫೋನು ನಡುಗಿತು. ಮಿತೋಮಾ ಅವರ ಫೋನಿನಿಂದ ಕೊಜುಎ ಬರೆದಿದ್ದಳು:

"ಅಮ್ಮಾ, ಮೇಷ್ಟ್ರ ಹತ್ರ ಒಂದು ಡಬ್ಬಿ ತುಂಬ ಪಟ್ಟಿ ಇತ್ತು, ಕೇಳಿದ ತಕ್ಷಣ ಕೊಟ್ರು. ನಾನೇ ಫಸ್ಟ್ ಬಂದೆ. ಹಗ್ಗದ ಪಕ್ಕ ಎಲ್ಲಾ ಹುಡುಕಿದೆ. ನೀನು ಯಾವ ಕಡೆ ನಿಂತಿದ್ದೆ?"