ಟವೆಲ್ ಹಾಕಿ ಹೋದಾಂವ

ಮಂದಿ ಕೂಡಿ ಏನರ ಹಂಚಿಕೊಳ್ಳೋ ಜಾಗಾದಾಗ ನಗಿ, ಜಗಳ, ಅಂಜಿಕಿ ಮೂರೂ ಪುಕ್ಕಟೆ ಸಿಗ್ತಾವ. ಬಸ್ ಕಂಡಕ್ಟರ್ ಆಗಿ ಅದನ್ನ ದಿನಾ ನೋಡೇನಿ. ರಿಟೈರ್ ಆದಮ್ಯಾಲರ ತಪ್ಪೀತು ಅಂದ್ರ, ಎಲ್ಲೀದು!

ಬ್ಯಾಡಗ್ಯಾಗ ಖಾರಪುಡಿ ಗಿರಣಿ ಹಾಕಾಕ ಮಂದಿ ಮೊಬೈಲ್‌ನ್ಯಾಗ ವಂತಿಗಿ ಕೂಡಿಸಿದ್ರು. ಹಾವೇರಿ, ರಾಣೆಬೆನ್ನೂರಿಂದನೂ ರೊಕ್ಕ ಬಂತು. ಷೇರು ಕಡಿಮಿ, ಬೇಡೋವ್ರು ಹೆಚ್ಚು. ಲಾಟರಿ ಎತ್ತೋದು, ಹೆಸರು ಬರದವ್ರ ರೊಕ್ಕ ವಾಪಸ್ ಅಂತ ಠರಾವಾತು. "ಟಿಕೆಟ್ ಹರದ ಕೈ, ನೀವ ಎತ್ರಿ" ಅಂತ ನನ್ನ ಕೊರಳಿಗೆ ಕಟ್ಟಿದ್ರು.

೧. ಕೊಡ

ಬ್ಯಾಡಗ್ಯಾಗ ತಾಮ್ರದ ಕೊಡದಾಗ ಚೀಟಿ ಹಾಕಿದ್ವಿ. ಮೊದಲನೇದು ತಗದು ಓದಿದೆ, ಮತ್ತೊಮ್ಮೆ ಓದಿದೆ. ಹೋದ ತಿಂಗಳ ಸತ್ತ ನನ್ನ ದೋಸ್ತನ ಹೆಸರು! ನನ್ನ ಗುತ್ತಲದ ಬಸ್ಸಿಗೆ ಖಾಯಂ ಗಿರಾಕಿ. ಬಸ್ ನಿಲ್ಲೋದರೊಳಗ ಕಿಡಕ್ಯಾಗಿಂದ ಕೆಂಪು ಅಂಚಿನ ಟವೆಲ್ ಒಗದು ಮುಂದಿನ ಸೀಟ್ ಹಿಡೀತಿದ್ದ. ಹೆಂಡ್ತಿನ್ನ ಕುಂದ್ರಿಸಿ ತಾ ನಿಂತು ಬರ್ತಿದ್ದ. ಸಾಯೋಕಿಂತ ಮೊದಲ ಷೇರಿಗೆ ರೊಕ್ಕ ಕಟ್ಟಿದ್ದ.

ಅವನ ಹೆಂಡ್ತಿ ಎದ್ದು ನಿಂತ್ಲು. "ಅವರ ಪಾಲು ನನಗ ಬರ್ತೈತಿ ಹೌದಲ್ರಿ ಅಣ್ಣಾರ? ಜೀವಮಾನ ನೆಲಕ್ಕ ಕುಂತು ಮಂದಿ ಮೆಣಸಿನಕಾಯಿ ತೊಟ್ಟು ಬಿಡಿಸೇನಿ. ಒಮ್ಮೆ ಮಾಲಕರ ಕುರ್ಚಿ ಮ್ಯಾಲ ಕುಂದ್ರಬೇಕ್ರಿ."

ತಾನೂ ಷೇರಿಗೆ ರೊಕ್ಕ ಕಟ್ಟಿದ್ದ ಮೆಣಸಿನಕಾಯಿ ದಲಾಲಿ ಒಬ್ಬಾಂವ ಚೀರಿದ: "ಮೋಸ! ಕೊಡದಾಗ ಏನೈತಿ ಯಾರಿಗೆ ಕಾಣತೈತಿ? ಸತ್ತಾಂವ, ಈ ಕಂಡಕ್ಟರ್ ಒಂದ ತಾಟಿನ್ಯಾಗ ಉಂಡವ್ರು. ಬ್ಯಾರೆ ಊರಾಗ ಮತ್ತ ಎತ್ರಿ!"

"ಸತ್ತಾಂವ ನನಗ ಲಂಚ ಹೆಂಗ ಕೊಟ್ಟಾನ್ರಿ?" ಅಂದೆ.

"ಅದನ್ನ ನೀನ ಹೇಳಬೇಕು!"

೨. ಬರಣಿ

ಎಲ್ಲಾರಿಗೂ ಕಾಣಲಿ ಅಂತ ಹಾವೇರ್ಯಾಗ ಗಾಜಿನ ಬರಣಿ ಇಟ್ವಿ. ದಲಾಲಿ ತಾನ ಚೀಟಿ ಮಡಚಿದ, ತಾನ ಅಲ್ಲಾಡಿಸಿದ. ದಾರ್ಯಾಗ ಹೊಂಟಿದ್ದ ಗುರ್ತಿಲ್ಲದ ಹೆಣ್ಮಗಳನ್ನ ಕರದು, ಕಣ್ಣಿಗೆ ಬಟ್ಟಿ ಕಟ್ಟಿ ತಗಸಿದ್ವಿ. ಚೀಟಿ ಬಿಚ್ಚಿ ನೋಡಿದ ದಲಾಲಿ ಬಾಯಿ ತಗದಾಂವ ಮುಚ್ಚಲಿಲ್ಲ. ಅದ ಹೆಸರು.

ಯಾರೋ "ಶಿವಾ ಶಿವಾ" ಅಂದ್ರು. ಆ ಹೆಣ್ಮಗಳು ಬಟ್ಟಿ ಬಿಚ್ಚಿ, "ಗೆದ್ದ ಅಣ್ಣಾರು ಎಲ್ಲದಾರ್ರಿ? ಪೇಡೆ ಕೊಡಸ್ತಾರೇನು?" ಅಂದ್ಲು. ಅರ್ಧಾ ಮಂದಿ ಬಾಗಲಾ ಕಡೆ ತಿರುಗಿ ನೋಡಿದ್ರು.

೩. ಕಂಪ್ಯೂಟರ್

"ಕಂಪ್ಯೂಟರಿಗೆ ದೆವ್ವ ಹಿಡಿಯಂಗಿಲ್ಲ" ಅಂತ ದಲಾಲಿ ನಮ್ಮನ್ನೆಲ್ಲಾ ರಾಣೆಬೆನ್ನೂರಿಗೆ ಎಳಕೊಂಡು ಹೋದ. ದೊಡ್ಡ ಪರದೆ ಮ್ಯಾಲ ಹೆಸರು ಗರಗರ ತಿರುಗಿ ನಿಂತ್ವು. ನೋಡ್ತೀವಿ, ಮತ್ತ ಅವನ ಹೆಸರು!

ದಲಾಲಿ ಸಣ್ಣ ದನಿಲೆ, "ಪಾಲು ಆಕಿಗೆ ಕೊಟ್ಟುಬಿಡ್ರಿ, ನಾಕನೇ ಊರು ಬ್ಯಾಡ" ಅಂದ.

ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು! ನನ್ನ ಸರ್ವಿಸ್‌ನ್ಯಾಗ ಟಿಕೆಟ್ ಇಲ್ಲದ ಇಷ್ಟು ತಿರುಗಿದ ಪ್ಯಾಸೆಂಜರ್ ಇಂವೊಬ್ಬನ.

೪. ಕುರ್ಚಿ

ಉಳಿದ ಷೇರಿಗೂ ಚೀಟಿ ಎತ್ತಿದ್ವಿ, ದಲಾಲಿಗೂ ಒಂದು ಬಂತು. ಗಿರಣ್ಯಾಗ ಮಾಲಕರ ಮೊದಲ ಮೀಟಿಂಗ್, ಹಾಡಾಹಗಲು. ಮುಂದಿನ ಕುರ್ಚಿಗೆ ಕುಂದ್ರಾಕ ಹೋದ ದಲಾಲಿ ಹಂಗ ಹಿಂದ ಸರದ. ಕುರ್ಚಿ ಮ್ಯಾಲ ಕೆಂಪು ಅಂಚಿನ ಟವೆಲ್.

"ಯಾರದ್ರಿ ಇದು?" ಅಂತ ಕೇಳಿದೆ. ಯಾರೂ ತಮ್ಮದನ್ನಲಿಲ್ಲ.

ಬಾಗಲದಾಗ ನಿಂತಿದ್ದ ದೋಸ್ತನ ಹೆಂಡ್ತಿ ಅದನ್ನ ನೋಡಿ, "ನಾ ತಂದಿಲ್ರಿ ಅಣ್ಣಾರ. ಅದನ್ನ ಅವರ ಕೂಡನ ಮಣ್ಣಾಗ ಇಟ್ಟೇವಿ" ಅಂದ್ಲು.

ದಲಾಲಿ, "ನಾ ನಿಂತ ಇರ್ತೇನಿ, ನಿಂತ್ರ ಮೈಗೆ ಚಲೋ" ಅಂದ.

ಆಕಿ ಸೀದಾ ಬಂದು ಟವೆಲ್ ತಗೊಂಡು, ಝಾಡಿಸಿ, ಮಡಚಿ ಉಡಿಯೊಳಗ ಇಟಗೊಂಡ್ಲು. ಖಾಲಿ ಕುರ್ಚಿಗೆ ಹೇಳಿದ್ಲು: "ಸೀಟ್ ಹಿಡದದ್ದು ಸಾಕ್ರಿ. ನಾ ಬಂದೇನಿ. ನೀವಿನ್ನ ಹೋಗ್ರಿ." ಕುಂತ್ಲು. ಆಕಿ ಕಣ್ಣಾಗೂ ನೀರು, ನನ್ನ ಕಣ್ಣಾಗೂ ನೀರು.

ಗಾಳಿ ಇರಲಿಲ್ಲ. ಹಿಂದಿನ ಬಾಗಲಾ ಕಿರ್ ಅಂತ ತಗೀತು. ಹಾಳು ರೂಢಿ ನೋಡ್ರಿ, ಅಷ್ಟ್ರಾಗ ನನ್ನ ಬಾಯಿಂದ ಜೋರಾಗಿ ಬಂದುಬಿಡ್ತು:

"ರೈಟ್, ರೈಟ್!"

ಬಾಗಲಾ ಮುಚ್ಚಿತು.